ಲಾವಣಿಗೆ ಹೋದ ಹೊಲದ ಅಕ್ಕಡಿ ಸಾಲು

ನರೋಣಾದ ಹೊರವಲಯದಲ್ಲಿರುವ ನಮ್ಮ ಹೊಲದ ವಿಷಯವಾಗಿ ನನಗೆ ತಿಳಿದಷ್ಟನ್ನು ಇಲ್ಲಿ ನಮೂದಿಸಲು ಇಚ್ಛಿಸುತ್ತೇನೆ. ತಪ್ಪಿದ್ದಲ್ಲಿ ಓದುಗರು ಮನ್ನಿಸತಕ್ಕದ್ದು. ಸದರಿ ಹೊಲವು ಹಿಂದೆ ಊರಿನ ವಾಡೆಯವರದು, ಅಂದರೆ ದೊಡ್ಡಮನೆಯ ಧಣಿಗಳದಾಗಿತ್ತು. ಅದನ್ನು ಪಾಲಿಗೆ ಉಳುತ್ತಿದ್ದ ನನ್ನ ಅಜ್ಜನಿಗೆ ಭೂಸುಧಾರಣೆಯ ಕಾಲದಲ್ಲಿ ಹಕ್ಕು ದೊರೆಯಿತು. ಹಕ್ಕು ಬಂದರೂ ವಾಡೆಯವರ ಎದುರು ನಿಂತು ಮಾತನಾಡುವ ರೂಢಿ ನಮ್ಮ ಮನೆಗೆ ಬರಲಿಲ್ಲ.

ಅಪ್ಪ ತೀರಿದ ಮೇಲೆ ಎತ್ತುಗಳನ್ನು ಮಾರಿದೆವು. ನಾನು ದಿನವೂ ಬಸ್ಸಿನಲ್ಲಿ ಕಡಗಂಚಿಗೆ ಬೆರಳಚ್ಚಿನ ಕೆಲಸಕ್ಕೆ ಹೋಗುತ್ತೇನೆ. ಅವ್ವನ ಮೊಣಕಾಲು ಬಾಗುವುದಿಲ್ಲ. ಆದಕಾರಣ ಈ ಮುಂಗಾರಿಗೆ ಹೊಲವನ್ನು ಲಾವಣಿಗೆ, ಅಂದರೆ ವರ್ಷದ ಗುತ್ತಿಗೆಗೆ, ಕೊಡುವುದೆಂದು ತೀರ್ಮಾನಿಸಿದೆವು. ಕೇಳಲು ಬಂದವರು ವಾಡೆಯ ಮೊಮ್ಮಗನೇ. ಅವರಿಗೂ ಈಗ ಸ್ವಂತದ್ದೆಂದು ಹೆಚ್ಚೇನೂ ಇಲ್ಲ, ಒಂದು ಟ್ರ್ಯಾಕ್ಟರ್ ಇದೆ.

ಅವ್ವನ ಬೇಡಿಕೆ ಒಂದೇ ಆಗಿತ್ತು: ತೊಗರಿಯ ನಡುವೆ ಅಕ್ಕಡಿ ಸಾಲು ಇರಬೇಕು. ಹೆಸರು, ಎಳ್ಳು, ಪುಂಡಿಸೊಪ್ಪಿನ ಬೀಜಗಳನ್ನು ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತ ಹೆಂಗಸರು ಬಿಡುವ ಸಾಲು ಅದು. ತೊಗರಿ ನೆಟೆರೋಗಕ್ಕೆ ಒಣಗಿದ ವರ್ಷ ನಾವು ಉಂಡದ್ದು ಆ ಸಾಲುಗಳಿಂದಲೇ. ಒಂದೇ ಬೆಳೆಗೆ ನೆಲವೂ ಸೋಲುತ್ತದೆಂದು ಅವ್ವ ಹೇಳುತ್ತಾಳೆ.

ಆದರೆ ಅವರು ಕಟ್ಟೆಯ ಮೇಲೆ ಕುಳಿತು ವಿಷಯ ತೆಗೆದಾಗ ಅವ್ವ ಸೆರಗು ಸರಿಪಡಿಸಿಕೊಂಡು, "ಧಣ್ಯಾರ, ನೀವು ಹ್ಯಾಂಗಂತೀರಿ ಹಾಂಗ್ರಿ" ಎಂದುಬಿಟ್ಟಳು. ನಮ್ಮಲ್ಲಿ ಅದು ಮಾತಿಗೆ ಮುಂಚಿನ ಮರ್ಯಾದೆ; ಬೇಡಿಕೆ ಅದರ ನಂತರ ಬರತಕ್ಕದ್ದು. ಅವರು ಅದನ್ನೇ ಒಪ್ಪಿಗೆಯೆಂದು ಭಾವಿಸಿ ಚಹಾ ಕುಡಿದು ಎದ್ದರು.

ಬಿತ್ತನೆಯ ದಿನ ಅವ್ವ ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಬಂದಳು. ರಜೆಯಿದ್ದುದರಿಂದ ನಾನೂ ಜೊತೆಗಿದ್ದೆ. ಅರ್ಧ ಹೊಲ ಆಗಲೇ ಬರೀ ತೊಗರಿಯಾಗಿತ್ತು. ಅಕ್ಕಡಿ ಹಾಕಬೇಕಿತ್ತೆಂದು ಅವ್ವ ಮೆಲ್ಲಗೆ ತಿಳಿಸಿದಳು. ಸಾಲು ಬೆರೆತರೆ ಕೊಯ್ದು ರಾಶಿ ಮಾಡುವ ಮಷೀನು ಒಳಗೆ ಬರುವುದಿಲ್ಲ, ಅಂದೇ ಹೇಳಬೇಕಿತ್ತು ಎಂದರು ಅವರು. ಆಮೇಲೆ ನಕ್ಕು, "ಈಗ ಧಣಿ ನೀ ಅವ್ವಾ, ಆಳು ನಾ" ಎಂದರು.

"ಧಣಿ ಮಾತು ಕೇಳೋ ಆಳು ಎಲ್ಲಿ ಸಿಗ್ತಾನ್ರಿ" ಎಂದಳು ಅವ್ವ.

ಅವರು ಮತ್ತೂ ನಕ್ಕರು. ಟ್ರ್ಯಾಕ್ಟರ್ ನಿಲ್ಲಲಿಲ್ಲ.

ಬದುವಿನುದ್ದಕ್ಕೂ ನಾನು ಕುಳಿ ತೋಡಿದೆ, ಅವ್ವ ನಿಂತುಕೊಂಡೇ ಪುಂಡಿ ಬೀಜ ಉದುರಿಸಿದಳು. ಬದುವಿನಲ್ಲಿ ಹಿಡಿದದ್ದು ಅಷ್ಟೇ. ಉಡಿಯಲ್ಲಿ ಉಳಿದ ಹೆಸರುಕಾಳನ್ನು ಮುಂದಿನ ವರ್ಷದ ಬೀಜಕ್ಕೆ ಇಡೋಣವೇ ಎಂದು ಕೇಳಿದೆ. "ಇಟ್ಟು ಯಾರ ಹೊಲಕ್ಕ ಒಯ್ಯಾಕ?" ಎಂದಳು. ಮನೆಗೆ ಬಂದು, ಹುಳ ಹಿಡಿಯದಂತೆ ಬೀಜಕ್ಕೆ ಹಚ್ಚಿದ್ದ ಬೂದಿಯನ್ನು ತೊಳೆದು, ಕಾಳನ್ನು ಬೇಯಲು ಒಲೆಯ ಮೇಲಿಟ್ಟೆವು.