ಕಂಪ್ಯೂಟರಿಗೊಂದು ಸೋಸುವ ಅರಿವೆ

ಸೊಸೆ ತ್ರಿಶಲಾ ಕಂಪ್ಯೂಟರ್ ಹಚ್ಚಿದಳೆಂದರೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚೌಕ ಎದ್ದು ನಿಲ್ಲುತ್ತಿತ್ತು. ತೆಗೆದರೆ ಮತ್ತೆ ಬರುತ್ತಿತ್ತು, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗಿತಿಯ ಹಾಗೆ. ನನಗೆ ಇಂಗ್ಲಿಷು ಬರುವುದಿಲ್ಲ, ಕನ್ನಡವೂ ಎರಡನೆಯ ಇಯತ್ತೆಯಷ್ಟೇ. ಆದರೆ ಕೆಂಪಗಿದ್ದದ್ದು ಏನನ್ನೋ ಕೇಳುತ್ತಿದೆ ಎಂದು ತಿಳಿಯಲು ಶಾಲೆ ಬೇಕಿಲ್ಲ.

"ಏನಂತೈತಿ ಅದು?" ಎಂದೆ.

"ವೈರಸ್ ಬರದಂಗ ಕಾಯೂದರ ಮುದ್ದತ್ತು ಮುಗದೈತ್ರಿ ಅತ್ತಿ. ವರ್ಷದ ರೊಕ್ಕ ಮತ್ತ ತುಂಬ್ರಿ ಅಂತೈತಿ."

ಕಂಪ್ಯೂಟರ್ ತಂದದ್ದು ಮೊಮ್ಮಗಳ ಓದಿಗೆಂದು. ಅವಳು ಮೊಬೈಲಿನಲ್ಲೇ ಓದಿ ಮುಗಿಸಿದಳು. ಈಗ ಅದು ತ್ರಿಶಲಾಳ ಹೊಟ್ಟೆಪಾಡು. ಅದರಲ್ಲಿ ಅವಳು ಡಿಸೈನು ಬಿಡಿಸುತ್ತಾಳೆ, ಕಸೂತಿ ಮಷಿನ್ನು ಅದರಂತೆ ಮದುವೆಯ ಬ್ಲೌಸುಗಳ ಮೇಲೆ ದಾರ ಹಾಯಿಸುತ್ತದೆ. ನಾಲ್ಕು ವರ್ಷದ ಡಿಸೈನುಗಳೆಲ್ಲ ಆ ಒಂದು ಡಬ್ಬದ ಹೊಟ್ಟೆಯಲ್ಲಿವೆ. ಅವಳ ಗೆಳತಿಯೊಬ್ಬಳು ನಿಪ್ಪಾಣಿಯಲ್ಲಿ ಇದೇ ಕೆಲಸ ಮಾಡುತ್ತಿದ್ದಳು. ಒಂದು ದಿನ ವೈರಸ್ ಹೊಕ್ಕು ಯಾವ ಡಿಸೈನೂ ತೆರೆಯದಂತಾಯಿತು. ಆಕೆ ಈಗ ಬೇರೆಯವರ ಅಂಗಡಿಯಲ್ಲಿ ಕುಳಿತು ಗುಂಡಿ ಹಚ್ಚುತ್ತಾಳೆ. ತ್ರಿಶಲಾಳ ಹೆದರಿಕೆ ಅದು.

ಚಿಕ್ಕೋಡಿಯ ಅಂಗಡಿಯವ, "ಕಂಪ್ಯೂಟರ್ ಜೋಡೀಲೆ ಬಂದದ್ದು ಫುಕಟದ್ದು, ಅದನ್ನ ನಂಬಬ್ಯಾಡ್ರಿ, ನಮ್ಮದು ಹಾಕಿಸ್ರಿ," ಎನ್ನುತ್ತಾನೆ. ಅವನು ಮಾರುವವ, ಇನ್ನೇನು ಹೇಳಿಯಾನು? ತ್ರಿಶಲಾ ಓದಿ ತಿಳಿದುಕೊಂಡದ್ದು ಬೇರೆ. ಕಂಪ್ಯೂಟರಿಗೆ ಹುಟ್ಟಿನಿಂದಲೇ ಒಂದು ಕಾವಲು ಇರುತ್ತದಂತೆ. ಕೊಂಡು ತಂದದ್ದನ್ನು ಹಾಕಿದರೆ ಅದು ಹಿಂದೆ ಸರಿದು ಕೂಡುತ್ತದೆ, ಕೊಂಡದ್ದನ್ನು ಕಿತ್ತರೆ ತಾನೇ ಮುಂದೆ ಬರುತ್ತದೆ. ಮನೆಯ ಕೆಲಸಕ್ಕೆ ಅಷ್ಟು ಸಾಕೆಂದು ಕೆಲವರು, ಸಾಲದೆಂದು ಕೆಲವರು.

"ನೀವಽ ಹೇಳ್ರಿ ಅತ್ತಿ, ಯಾವುದು ಇಡೂಣು?"

"ಹಿಡದ ವೈರಸ್ಸನ್ನ ಕೊಲ್ತೈತೇನು?"

ಅವಳು ನಕ್ಕಳು. "ಒಮ್ಮೆಲೇ ಇಲ್ರಿ. ಮೊದಲ ಬ್ಯಾರೆ ಖೋಲ್ಯಾಗ ಕೂಡಿ ಹಾಕ್ತೈತಿ."

"ಹಂಗಾದ್ರ ನಮ್ಮ ಪೈಕಿನಽ ಬಿಡು. ಜೈನರ ಮನಿಗಿ ಒಪ್ಪತೈತಿ."

ನಗಬೇಡಿ. ನನ್ನ ಅತ್ತೆ ಸೋಸದ ನೀರನ್ನು ಬಾಯಿಗೆ ಹಾಕಿದವಳಲ್ಲ. ದಪ್ಪ ಅರಿವೆಯನ್ನು ಮಡಿಚಿ ಕೊಡದ ಬಾಯಿಗೆ ಹಾಸಿ ನೀರು ಸುರಿಯುವುದು. ಅರಿವೆಯಲ್ಲಿ ಉಳಿದ ಕಾಣುವ, ಕಾಣದ ಜೀವಗಳನ್ನು ಸೋಸಿದ ನೀರಿನಿಂದ ತೊಳೆದು ಅದೇ ಬಾವಿಗೆ ಮೆಲ್ಲಗೆ ಇಳಿಬಿಡುವುದು. ಬೇರೆ ಬಾವಿಗೆ ಬಿಡುವಂತಿಲ್ಲ. ಹುಳಕ್ಕೆ ಯಾವ ಬಾವಿಯಾದರೇನು ಎಂದು ಹೊಸ ಸೊಸೆ ನಾನು ಗೊಣಗಿದ್ದೆ. "ನಿನ್ನ ಒಯ್ದು ಕೊಲ್ಲಾಪುರದ ಸಂತ್ಯಾಗ ಬಿಟ್ಟು ಬರ್ತೇನಿ, ಆಗ ತಿಳಿತೈತಿ," ಎಂದಿದ್ದಳು ಅತ್ತೆ.

ಮುಂದೆ ನನ್ನ ಮಗ ಗೋಡೆಗೆ ನೀರಿನ ಫಿಲ್ಟರ್ ಹಾಕಿಸಿದ. ಮಷಿನ್ನು ಒಳ್ಳೆಯದೇ ಇತ್ತು. ಅರಿವೆ ಮೂಲೆಗೆ ಹೋಯಿತು. ಮಷಿನ್ನಿನ ಒಳಗಿನದನ್ನು ಆಗಾಗ ಬದಲಿಸಬೇಕೆಂಬುದು ಮಾತ್ರ ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಒಂದು ದಿನ ಬಿಚ್ಚಿದರೆ ಹಸಿರು ಪಾಚಿ. ಅಷ್ಟು ದಿನ ನಾವು ಕುಡಿದದ್ದು ಮಷಿನ್ನಿನ ಹೆಸರನ್ನು.

ಅದಕ್ಕೇ ತ್ರಿಶಲಾಳಿಗೆ ಹೇಳಿದೆ: "ಕೊಂಡದ್ದು ಕೆಟ್ಟದ್ದಂತಲ್ಲ. ವರ್ಷಾ ರೊಕ್ಕ ತುಂಬಾಕಿ ಇದ್ರ ಇಟ್ಕೋ. ತುಂಬೂದಿಲ್ಲಂದ್ರ ಕಿತ್ತು ಒಗಿ. ಸತ್ತದ್ದನ್ನ ಬಾಗಲಾಗ ಕುಂಡ್ರಿಸಬ್ಯಾಡ."

ಅವಳು ಕಿತ್ತಳು. ಹುಟ್ಟಿನ ಕಾವಲು ಎದ್ದು ಕುಳಿತಿತು. ಕೆಂಪು ಚೌಕ ಹೋಯಿತು.

ಆ ವಾರವೇ ಕಾಗವಾಡದಿಂದ ಒಬ್ಬ ಹೆಣ್ಣುಮಗಳು ಬಂದಳು. ಮಗಳ ಮದುವೆ, ಮನೆಮಂದಿಯ ಬ್ಲೌಸುಗಳೆಲ್ಲ ನಮ್ಮಲ್ಲೇ. ಅಷ್ಟು ದೊಡ್ಡ ಗಿರಾಕಿ ನಮ್ಮೂರು ಅಂಕಲಿಯ ತನಕ ಬಂದದ್ದೇ ಹೆಚ್ಚು. ಅವಳಿಗೆ ಬೇಕಾದ ನವಿಲಿನ ಡಿಸೈನು ಪೆನ್ ಡ್ರೈವಿನಲ್ಲಿತ್ತು. ತ್ರಿಶಲಾ ಅದನ್ನು ಚುಚ್ಚಿದಳು, ಕಂಪ್ಯೂಟರ್ ಒಲ್ಲೆನೆಂದಿತು. ಇದರಲ್ಲಿ ವೈರಸ್ ಇದ್ದೀತು, ತೆರೆಯುವುದಿಲ್ಲ ಎಂದಿತು. ಆ ಹೆಣ್ಣುಮಗಳು ಡಿಸೈನು ಕೊಟ್ಟ ತಮ್ಮನಿಗೆ ಫೋನ್ ಹಚ್ಚಿ ಕೇಳಿ, ಫೋನ್ ಕೆಳಗಿಟ್ಟು ಹೇಳಿದಳು:

"ಕಾವಲು ಐತಂತಲ್ಲ, ಅದನ್ನ ಜರಾ ಬಂದ್ ಮಾಡ್ರಿ. ಐದು ಮಿನಿಟ. ಕಾಹೀ ಹೋತ್ ನಾಹೀ, ಏನೂ ಆಗೂದಿಲ್ಲಂತ."

ತ್ರಿಶಲಾಳ ಕೈ ಮೌಸಿನ ಮೇಲೆ ನಿಂತಿತು. ಅವಳು ನನ್ನ ಕಡೆ ನೋಡಿದಳು.

ನನಗೆ ಅಥಣಿಯ ಒಂದು ಮದುವೆ ನೆನಪಾಯಿತು. ಬಾವಿಯ ಕಟ್ಟೆಯ ಮೇಲೆ ಅತ್ತೆ ನೀರು ಸೋಸುತ್ತಿದ್ದಳು. ಅಡಿಗೆಯವ ಓಡಿ ಬಂದು, "ಆಯಿ, ಅರಿವಿ ತಗೀರಿ, ಇದೊಂದಽ ಹಂಡೇಕ. ಬೀಗರು ಎಲಿ ಮುಂದ ಕುಂತಾರ," ಎಂದ. ಅತ್ತೆ ಅರಿವೆಯನ್ನು ಇನ್ನೊಂದು ಮಡಿಕೆ ಮಡಿಚಿದಳು. "ಅವಸರ ಇದ್ದಾಗಽ ಸೋಸಬೇಕಲೇ. ಪುರಸೊತ್ತಿದ್ರ ಕಣ್ಣೀಲೆ ನೋಡಿ ಕುಡೀತಿದ್ವಿ," ಎಂದಳು. ಊಟ ತಡವಾಯಿತು. ಬೀಗರು ಅದನ್ನು ವರ್ಷಗಟ್ಟಲೆ ಆಡಿಕೊಂಡರು. ಅತ್ತೆ ಕೇಳಿಸಿಕೊಂಡಳು, ಅಷ್ಟೆ.

ಇದನ್ನೆಲ್ಲ ನಾನು ತ್ರಿಶಲಾಳಿಗೆ ಹೇಳಲಿಲ್ಲ. ಡಿಸೈನುಗಳು ಅವಳವು, ಹೋದರೆ ಹೋಗುವುದೂ ಅವಳವೇ.

ಅವಳು ಪೆನ್ ಡ್ರೈವ್ ಕಿತ್ತು ಕೈಗೆ ಕೊಟ್ಟಳು. "ಬಂದ್ ಮಾಡೂದಿಲ್ರಿ ವೈನಿ. ನವಲಿನ ಫೋಟೋ ಇದ್ರ ಕೊಡ್ರಿ, ನಾನಽ ಬಿಡಸ್ತೇನಿ. ಎಂಟ ದಿನ ಬೇಕು."

"ಎಂಟ ದಿನ? ನಿಪ್ಪಾಣ್ಯಾಗ ಇವತ್ತಽ ಸುರು ಮಾಡ್ತಾರ."

"ಹಂಗಾದ್ರ ಅಲ್ಲೇ ಹೋಗ್ರಿ."

ಆ ಹೆಣ್ಣುಮಗಳು ಚಹಾ ಕುಡಿದು, ಬಟ್ಟೆಯ ಗಂಟು ಎತ್ತಿಕೊಂಡು ಹೋದಳು. ತ್ರಿಶಲಾಳ ಮೋರೆ ಸಣ್ಣದಾಯಿತು.

"ತಪ್ಪಾತೇನ್ರಿ ಅತ್ತಿ?"

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಯಾರಿಗಿ ಗೊತ್ತು. ಅದರಾಗ ಬರೇ ನವಲಽ ಇತ್ತೋ ಏನೋ. ನಿನ್ನವು ಅದಾವಲ್ಲ?"

ಅವಳು ಹೌದೆಂದು, ಇನ್ನು ಒಂದೇ ಕಡೆ ಇಡುವುದು ಬೇಡವೆಂದು, ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಇಳಿಸಲು ಕುಳಿತಳು. ಒಂದೊಂದನ್ನೂ ತೆರೆದು ನೋಡಿ ಕಳಿಸಿದಳು. ತಾವರೆ, ಗಿಳಿ, ಕಬ್ಬಿನ ಎಲೆ, ದ್ರಾಕ್ಷಿಯ ಗೊಂಚಲು. ಪಕ್ಕದ ಖೋಲಿಯಿಂದ ಮಷಿನ್ನಿನ ಸದ್ದು ದಿನಾ ಕೇಳಿದ್ದೆ. ಹೀಗೆ ಕುರ್ಚಿ ಎಳೆದುಕೊಂಡು ಕುಳಿತು ನೋಡಿರಲಿಲ್ಲ.

"ಆ ದ್ರಾಕ್ಷೀದು ತಡಿ," ಎಂದೆ. ಬಳ್ಳಿ ಚಲೋ ತಿರುವಿದ್ದಳು. "ಇದನ್ನ ನನ್ನ ಜಂಪರಕ್ಕ ಹಾಕು."

"ಈ ವಯಸ್ಸಿನ್ಯಾಗ್ರಿ?"

"ಮಷಿನ್ ಖಾಲಿ ಕುಂತೈತಲ್ಲ. ತೋಳಿಗಿ ಹಾಕು. ಬೆನ್ನಿಗಿ ಹಾಕಿದ್ರ ನನಗ ಕಾಣೂದಿಲ್ಲ."