ಟಬ್ಬಿನ ಅಂಚಿಗೆ ಕಟ್ಟಿದ ಪೈಪು

ನಮ್ಮದು ಎರಡು ತೊಟ್ಟಿಯ ವಾಷಿಂಗ್ ಮಷಿನ್. ಎಡಗಡೆಯದು ಒಗೆಯುತ್ತದೆ, ಬಲಗಡೆಯ ಡ್ರೈಯರ್ ಗಿರಗಿರ ತಿರುಗಿ ನೀರು ಹಿಂಡಿ ಕೊಡುತ್ತದೆ. ಕೊಪ್ಪಳದ ಬಿಸಿಲಿಗೆ ಡ್ರೈಯರ್ ಯಾಕೆ ಎಂದು ಬಂದ ನೆಂಟರು ನಗುತ್ತಾರೆ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಒದ್ದೆ ಬಟ್ಟೆಯನ್ನು ಮಾಳಿಗೆಯ ಮೇಲೆ ಹರವಿದರೆ ಬಿಳಿ ಅಂಗಿಯ ಕಾಲರಿನ ಮಡಿಕೆಯಲ್ಲಿ ಕರಿ ಪುಡಿ ಕೂತಿರುತ್ತದೆ. ಹಾಗಾಗಿ ನಾವು ಒಳಗೇ, ಫ್ಯಾನಿನ ಕೆಳಗೆ ಒಣಗಿಸುತ್ತೇವೆ. ಡ್ರೈಯರ್ ಸರಿಯಾಗಿ ಹಿಂಡದಿದ್ದರೆ ಫ್ಯಾನು ಏನು ಮಾಡೀತು?

ಒಂದು ಬೇಸಿಗೆಯಲ್ಲಿ ನಳಕ್ಕೆ ನೀರು ಬಿಡುವುದು ತಡವಾಗತೊಡಗಿತು. ಒಗೆದ ನೀರು ಬಚ್ಚಲಿಗೆ ಹರಿದುಹೋಗುವುದನ್ನು ನೋಡಲಾಗದೆ, ನೆಲದ ಮೇಲೆ ಬಿದ್ದಿರುತ್ತಿದ್ದ ಮಷಿನ್ನಿನ ಪೈಪನ್ನು ಎತ್ತಿ, ಮೊಣಕಾಲೆತ್ತರದ ಪ್ಲಾಸ್ಟಿಕ್ ಟಬ್ಬಿನ ಅಂಚಿಗೆ ಹಳೆಯ ಲಂಗದ ಲಾಡಿಯಿಂದ ಕಟ್ಟಿದೆ. ಆ ನೀರು ಅಂಗಳ ತೊಳೆಯಲು ಆಗುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ.

ಸ್ವಲ್ಪ ದಿನಕ್ಕೇ ಡ್ರೈಯರಿನಿಂದ ತೆಗೆದ ಬಟ್ಟೆ ಭಾರ ಬರತೊಡಗಿತು. ಪ್ಯಾಂಟಿನ ಅಂಚಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಮಗಳ ಶಾಲೆಯ ಸಾಕ್ಸು ಮುಗ್ಗುಲು ವಾಸನೆ ಹಿಡಿದವು. ಪಕ್ಕದಲ್ಲಿ ಕೂರುವ ಹುಡುಗಿ ಮೂಗು ಮುಚ್ಚಿಕೊಂಡಳೆಂದು ಮಗಳು ಊಟ ಬಿಟ್ಟು ಅತ್ತಳು. ಮಷಿನ್ನಿನ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ತೆಗೆದೆ. ಬಟ್ಟೆ ಹಸಿಯಾಗಿ ಉಳಿಯುವುದಕ್ಕೆ ಅದರಲ್ಲಿದ್ದ ಮೊದಲ ಕಾರಣ, ಒಮ್ಮೆಲೇ ಹೆಚ್ಚು ಬಟ್ಟೆ ತುಂಬುವುದು. ಅಷ್ಟೇ ಓದಿ ಮುಚ್ಚಿದೆ. ನನಗೆ ಬೇಕಾದದ್ದು ಸಿಕ್ಕಿತ್ತು.

ಬಟ್ಟೆ ಹಾಕುತ್ತಿದ್ದವಳು ನಾನಲ್ಲ. ಭಾಗ್ಯನಗರದಿಂದ ದಿನಾ ಬಂದು ನಮ್ಮ ಮನೆಯಲ್ಲೂ ಬಾಜೂ ಮನೆಯಲ್ಲೂ ಬಟ್ಟೆ-ಪಾತ್ರೆ ಮಾಡಿ ಹೋಗುತ್ತಿದ್ದ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವಳು.

ಮರುದಿನ ನೀರು ಬಂದಿತ್ತು. ಬಾಜೂ ಮನೆಯಾಕೆ ಕಂಪೌಂಡಿನ ಆಚೆ ಕೊಡ ತುಂಬುತ್ತಿದ್ದಳು. ಅವಳಿಗೆ ಕೇಳುವ ಹಾಗೆಯೇ ನಾನು, ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಕೆಲಸದಾಕೆಗೆ ಅಂದೆ:

“ಎಲ್ಲಾ ಒಮ್ಮಿಗೇ ತುರುಕಿ ಲಗೂನ ಮನಿಗೆ ಓಡಿದ್ರ ಬಟ್ಟಿ ಹೆಂಗ ಆರ್ತಾವವಾ?”

“ಇಲ್ರಿ ಅಕ್ಕಾರ, ಸ್ವಲ್ಪ ಸ್ವಲ್ಪನ ಹಾಕ್ತೀನ್ರಿ. ತಳದಾಗ ನೀರು ನಿಂತಿರ್ತೈತ್ರಿ. ಬಂದ ನೋಡ್ರಿ ಬೇಕಾದ್ರ.”

ನಾನು ನೋಡಲು ಹೋಗಲಿಲ್ಲ.

ಬಾಜೂ ಮನೆಯಾಕೆ ಕೊಡ ಬಗ್ಗಿಸುತ್ತಲೇ ನಕ್ಕಳು: “ನಮ್ಮನ್ಯಾಗೂ ಹಿಂಗ ಓಡಿಸ್ತಾಳೇನ್ರಿ ಮತ್ತ?”

“ಓಡಿಸ್ತಿರಬೇಕ ನೋಡ್ರಿ,” ಅಂದೆ. ನೋಡದೆ, ತಿಳಿಯದೆ, ನಗುವಿಗೆ ನಗು ಕೂಡಿಸಿ ಅಂದುಬಿಟ್ಟೆ.

ಕೆಲಸದಾಕೆ ಕೈಯಲ್ಲಿದ್ದ ಚರಿಗೆಯನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು. ಒಂದೊಂದೇ ಬೆರಳನ್ನು, ಉಗುರಿನ ಸಂದಿಯ ತನಕ. “ನಾಳಿಂದ ನೀವ ಹಾಕ್ಕೋರಿ,” ಎಂದು ಹೋದಳು.

ಮರುದಿನ ನಾನೇ ಹಾಕಿದೆ. ಎರಡು ಅಂಗಿ, ಒಂದು ಟವಲ್, ಅಷ್ಟೇ. ತೆಗೆದರೆ ನೀರು ಮೊಣಕೈವರೆಗೆ ಇಳಿಯಿತು. ಮತ್ತೆ ಪುಸ್ತಿಕೆ ಬಿಚ್ಚಿ ಈ ಸಲ ಕೆಳಗಿನವರೆಗೂ ಓದಿದೆ. ನಾಲ್ಕನೆಯ ಸಾಲಿನಲ್ಲಿ ಪೈಪನ್ನು ನೆಲದ ಮೇಲೇ ಇಡಬೇಕೆಂದು ಬರೆದಿತ್ತು. ಎತ್ತರಕ್ಕೆ ಎತ್ತಿದರೆ ಡ್ರೈಯರಿನ ನೀರು ಹೊರಗೆ ಹೋಗುವುದಿಲ್ಲ. ಪಕ್ಕದಲ್ಲಿ ಚಿತ್ರವೂ ಇತ್ತು: ಎತ್ತಿ ಹಿಡಿದ ಪೈಪು, ಅದರ ಮೇಲೊಂದು ಕಾಟು ಗುರುತು. ಲಾಡಿ ಬಿಚ್ಚಿ ಪೈಪನ್ನು ಬಚ್ಚಲಿಗೆ ಬಿಟ್ಟೆ. ನಿಂತಿದ್ದ ನೀರು ಬುಳುಬುಳು ಹರಿದುಹೋಯಿತು. ಮತ್ತೊಮ್ಮೆ ತಿರುಗಿಸಿದೆ. ಟವಲ್ಲು ಹಗುರಾಗಿ, ಮುದುಡಿಕೊಂಡು ಕೈಗೆ ಬಂತು.

ಮನೆಯಲ್ಲಿ ಯಾರೂ ಇರಲಿಲ್ಲ. ಯಾರಿಗೂ ಹೇಳದಿದ್ದರೂ ನಡೆಯುತ್ತಿತ್ತು. ಎರಡು ದಿನ ಹಾಗೇ ನಡೆಸಿದೆ. ಮೂರನೆಯ ದಿನ ಬಾಜೂ ಮನೆಯ ಬಚ್ಚಲಿನಿಂದ ಬೇರೆ ಯಾರದೋ ಬಳೆಯ ಸದ್ದು ಕೇಳಿಸಿತು; ಅಲ್ಲಿ ಕೆಲಸಕ್ಕೆ ಹೊಸಬಳು ಬಂದಿದ್ದಳು. ಆಟೋ ಹಿಡಿದು ಭಾಗ್ಯನಗರಕ್ಕೆ ಹೋದೆ.

ಮಗ್ಗದ ಸದ್ದು ಕೇಳುವ ಓಣಿ. ಆಕೆ ಬಾಗಿಲಲ್ಲಿ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದಳು. “ಬರ್ರಿ ಅಕ್ಕಾರ, ಕುಂದರ್ರಿ,” ಎಂದು ಚಾಪೆ ಸರಿಸಿ ನೀರು ಕೊಟ್ಟಳು. ಕಾನ್ವೆಂಟಿನಲ್ಲಿ ಓದುವಾಗ ದಿನಕ್ಕೆ ಹತ್ತು ಸಲ “ಸಾರಿ ಸಿಸ್ಟರ್” ಎನ್ನುತ್ತಿದ್ದ ನನ್ನ ನಾಲಿಗೆ ಅಲ್ಲಿ ಏಳಲಿಲ್ಲ.

“ಪೈಪ್ ಮ್ಯಾಲಿತ್ತವಾ. ಅದಕ್ಕ ನೀರು ನಿಲ್ತಿತ್ತು,” ಅಂದೆ.

“ಪೈಪ ತಾನ ಹತ್ತಿ ಕುಂತಿತ್ತೇನ್ರಿ?”

ಒಳಗೆ ಆಕೆಯ ಸೊಸೆ ಕಿಸಕ್ಕೆಂದಳು. ನನ್ನ ಕಿವಿ ಬಿಸಿಯಾದವು.

“ನಾನ ಕಟ್ಟಿದ್ದೆ. ನಂದ ತಪ್ಪು.”

“ಹಾಂ, ಹಂಗ ಹೇಳ್ರಿ ಮತ್ತ.” ಒಂದು ಕಡ್ಡಿ ಮುರಿದು ಬದಿಗೆ ಎಸೆದಳು. “ನನ್ನ ತಪ್ಪಿಲ್ಲಂತ ನನಗೇನು ಗೊತ್ತಿರಲಿಲ್ಲೇನ್ರಿ? ನಿಮ್ಮ ಮಾತು ಕೇಳಿ ಬಾಜೂ ಮನ್ಯಾರೂ ಬ್ಯಾಡ ಅಂದ್ರು. ಅವರ ಮುಂದ ಹೇಳ್ರಿ ಇದನ್ನ.”

ಅಂದು ಸಂಜೆಯೇ ಬಾಜೂ ಮನೆಗೆ ಹೋಗಿ ಹೇಳಿದೆ. ಚಪಾತಿ ಲಟ್ಟಿಸುತ್ತಿದ್ದ ಬಾಜೂ ಮನೆಯಾಕೆ ಲಟ್ಟಣಿಗೆ ನಿಲ್ಲಿಸದೆ ನಕ್ಕಳು. “ಅಷ್ಟ ಏನ್ರಿ! ಹೋಗ್ಲಿ ಬಿಡ್ರಿ, ಈಗಿನಾಕಿ ಛಲೋ ಅದಾಳ.”

“ಆಕೀನೂ ಛಲೋನ ಇದ್ಲು. ನಾ ನಿಮ್ಮ ಮುಂದ ಸುಳ್ಳು ಹೇಳಿದ್ದೆ.”

ಲಟ್ಟಣಿಗೆ ನಿಂತಿತು. “ಈಗ ಈಕೀನ್ನ ಹೆಂಗ ಬಿಡಿಸ್ಲಿ, ಹೇಳ್ರಿ?” ಅಂದಳು. ಒಬ್ಬಳ ಕೆಲಸ ಕಳೆದವಳು ಇನ್ನೊಬ್ಬಳದನ್ನು ಕಿತ್ತು ಕೊಡಿ ಎಂದು ಹೇಗೆ ಕೇಳಲಿ?

ಸೋಮವಾರ ಭಾಗ್ಯನಗರದಾಕೆ ನಮ್ಮ ಮನೆಗೆ ಮಾತ್ರ ಕೆಲಸಕ್ಕೆ ಮರಳಿ ಬಂದಳು. ಈಗಲೂ ಬರುತ್ತಾಳೆ. ಡ್ರೈಯರಿಗೆ ಬಟ್ಟೆ ಹಾಕಿದ ಮೇಲೆ ಮುಚ್ಚಳ ಹಾಕದೆ ಬಚ್ಚಲಿನಿಂದ ಕೂಗುತ್ತಾಳೆ: “ಅಕ್ಕಾರ, ಬಂದ ನೋಡಿ ಹೋಗ್ರಿ.” “ಬ್ಯಾಡವಾ, ನೀ ಮುಚ್ಚಳ ಹಾಕು” ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ನಾನು ಕೈಯ ಹಿಟ್ಟು ಕೊಡವಿಕೊಂಡು ಹೋಗಿ, ಬಗ್ಗಿ ನೋಡಿ, ಹೂಂ ಎನ್ನುತ್ತೇನೆ. ಆಮೇಲೆಯೇ ಆಕೆ ಮುಚ್ಚಳ ಹಾಕುತ್ತಾಳೆ.