ಬೋಳುನೆತ್ತಿಯ ಸೆಲ್ಲು

ನಿನ್ನೆ ಮಗಳ ಹೊಸ ಟಾರ್ಚಿನ ಹಿಂಬದಿ ಮುಚ್ಚಳ ತಿರುಗಿಸಿದೆ. ಚಾರ್ಜ್ ಮಾಡುವ ಸೆಲ್ಲು ಜಾರಿ ಅಂಗೈಗೆ ಬಿತ್ತು. ಹೆಬ್ಬೆರಳು ತಾನಾಗೇ ಅದರ ನೆತ್ತಿ ಸವರಿತು: ಗುಬುಟು ಇದೆಯೋ, ಬೋಳೋ? ನಗಬೇಡಿ, ಈ ಚಟಕ್ಕೊಂದು ಕಥೆಯಿದೆ. ಅದರಲ್ಲಿ ಪೆದ್ದ ನಾನೇ.

ನಮ್ಮಪ್ಪನನ್ನು ನಾವು ಅಣ್ಣ ಅನ್ನುತ್ತಿದ್ದೆವು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ವಿದ್ಯಾರಣ್ಯಪುರದ ಮನೆಯಲ್ಲಿ ಅಣ್ಣ ಒಂದು ಓಲೆಗರಿ ಕಟ್ಟನ್ನು ನೋಟುಬುಕ್ಕಿಗೆ ಇಳಿಸುತ್ತಿದ್ದರು. ಅರಮನೆ ಆನೆಗಳಿಗೆ ಔಷಧಿ ಅರೆಯುತ್ತಿದ್ದ ಅವರ ಮುತ್ತಾತ ಬರೆದಿಟ್ಟದ್ದು. ಆನೆಗೆ ಹೊಟ್ಟೆ ಉಬ್ಬರಿಸಿದರೆ ಎಷ್ಟು ಸೇರು ಶುಂಠಿ ಎಂದು ಅಮ್ಮನಿಗೆ ಕೂಗಿ ಹೇಳುವರು. "ನಮ್ಮನೇಲಿ ಆನೆ ಯಾರ್ರೀ?" ಎಂದು ಅಮ್ಮ ಒಳಗಿನಿಂದಲೇ ಕೇಳುವಳು. ಕೊರೆದ ಅಕ್ಷರಗಳ ಮಸಿ ಮಾಸಿತ್ತು. ಪಕ್ಕದಿಂದ ಬೆಳಕು ಬಿಟ್ಟರಷ್ಟೇ ಅವು ಎದ್ದು ಕಾಣುತ್ತಿದ್ದವು. ಇನ್ನೆಂಟೇ ಗರಿ ಇರುವಾಗ ಹಳೇ ಟಾರ್ಚಿನ ಹಳದಿ ಬೆಳಕು ಅವರ ಕಣ್ಣಿಗೆ ಸಾಲದಾಯಿತು. "ಸಾಕು ಕಣೋ, ಕಟ್ಟಿ ಇಟ್ಬುಡೋಣ" ಅಂದರು. ನನಗೆ ತಡೆಯಲಾಗಲಿಲ್ಲ.

ಎಲ್‌ಇಡಿ ಟಾರ್ಚು ತಂದೆ. ಸತ್ತ ಲ್ಯಾಪ್‌ಟಾಪಿನ ಬ್ಯಾಟರಿ ಒಡೆದು ಸೆಲ್ಲು ತೆಗೆದೆ. ಅದರದು ಗುಬುಟಿಲ್ಲದ ಬೋಳುನೆತ್ತಿ, ಟಾರ್ಚಿನೊಳಗಿನ ತಗಡು ಆಳದಲ್ಲಿತ್ತು, ಮುಟ್ಟುತ್ತಲೇ ಇರಲಿಲ್ಲ. ಬುದ್ಧಿವಂತ ನಾನು, ನಡುವೆ ಪುಟ್ಟ ಅಯಸ್ಕಾಂತ ಇಟ್ಟೆ. ಅಬ್ಬ, ಆ ಬೆಳಕು! ಅಣ್ಣ ಒಂದೇ ಉಸಿರಿಗೆ ಎರಡು ಗರಿ ಓದಿದರು. ನಾನು ಮನೆ ತುಂಬ ಬೀಗುತ್ತ ಓಡಾಡಿದೆ.

ಮಾರನೆಯ ದಿನ ಟಾರ್ಚು ಅವರ ಕೈಜಾರಿ ಮೇಜಿಗೆ ಬಡಿಯಿತು. ಬೆಳಕು ಹೋಯಿತು, ಕೊಳವೆ ಬಿಸಿಯೇರಿತು, ಸುಟ್ಟ ವಾಸನೆ. ಗರಿಗಳ ಪಕ್ಕದಿಂದ ಅದನ್ನು ಬರಿಗೈಲೇ ಎತ್ತಿ ಅಣ್ಣ ಹಿತ್ತಲಿಗೆ ಎಸೆದರು. ಗರಿಗೇನೂ ಆಗಲಿಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದಿತು. "ನನ್ನ ಕೈ ನಡುಗ್ತದೆ ಕಣೋ. ಇನ್ನು ನನ್ನ ಕೈಗೆ ಏನೂ ಕೊಡಬೇಡ" ಅಂದರು. ಕಟ್ಟನ್ನು ಬಟ್ಟೆಯಲ್ಲಿ ಸುತ್ತಿಟ್ಟರು.

ಬೊಬ್ಬೆ ಒಣಗಿದ ಮೇಲೆ, ಹಿತ್ತಲಿಂದ ಹೆಕ್ಕಿಟ್ಟಿದ್ದ ಟಾರ್ಚಿನ ಜೊತೆ ಅವರನ್ನೂ ಎಳೆದುಕೊಂಡೇ ಉದಯಗಿರಿಯ ಬ್ಯಾಟರಿ ರಿಪೇರಿ ಸಾಬರ ಬಳಿ ಹೋದೆ. ತಮ್ಮ ಕೈ ನಡುಗಿ ಬಿತ್ತೆಂದು ಅಣ್ಣ ಹೇಳಿದರು. ಸಾಬರು ಟಾರ್ಚು ಬಿಚ್ಚಿ ಕೇಳಿದರು: "ಈ ಅಯಸ್ಕಾಂತ ಇಟ್ಟೋರು ಯಾರು?"

"ನಾನೇ."

"ಇದು ಸರಿದು ಅಂಚಿಗೆ ತಾಕಿದೆ ಸಾರ್. ನೆತ್ತಿ ಪ್ಲಸ್ಸು, ಅಂಚೆಲ್ಲ ಮೈನಸ್ಸು, ಎರಡೂ ಸೇರಿದ್ರೆ ಶಾರ್ಟು. ಮನೇನೇ ಸುಡ್ತಿತ್ತು." ಅಣ್ಣನ ಕಡೆ ತಿರುಗಿದರು. "ಟಾರ್ಚ್ ಅಂದ್ಮೇಲೆ ಬೀಳದೆ ಇರ್ತದಾ ಸ್ವಾಮಿ? ತಪ್ಪು ನಿಮ್ಮ ಕೈದಲ್ಲ."

ನನ್ನ ಸೆಲ್ಲನ್ನು ಪಕ್ಕಕ್ಕಿಟ್ಟು, ಪರೀಕ್ಷೆ ಮಾಡಿದ ಬೇರೊಂದನ್ನು ತೆಗೆದರು. ಅಂಚಿಗೆ ಏನೂ ತಾಕದಂತೆ ನೆತ್ತಿಯ ಸುತ್ತ ದಪ್ಪ ಕಾಗದದ ಬಳೆ ಅಂಟಿಸಿದರು. ಕಾಯಿಸಿ ಬೆಸುಗೆ ಹಾಕಿದರೆ ಒಳಗೆಲ್ಲ ಬೇಯುತ್ತದಂತೆ. ಅದಕ್ಕೇ ಗುಬುಟಿನಂಥ ಪುಟ್ಟ ಲೋಹದ ಟೋಪಿಯಿಟ್ಟು, ಯಂತ್ರದಲ್ಲಿ ಚಟ್ ಚಟ್ ಎಂದು ಎರಡೇ ಕಿಡಿಯಲ್ಲಿ ಕೂರಿಸಿದರು. ಮೇಲೆ ಹೊಸ ಪ್ಲಾಸ್ಟಿಕ್ ಹೊದಿಕೆ. ಟಾರ್ಚಿಗೆ ಹಾಕಿ, ಹೊತ್ತಿಸಿ, ಅಣ್ಣನ ಕೈಗೇ ಕೊಟ್ಟರು.

"ಬೀಳ್ಸಿ ಸ್ವಾಮಿ."

ಅಣ್ಣ ನನ್ನ ಮುಖ ನೋಡಿದರು. ಕೈಬಿಟ್ಟರು. ಠಣ್ಣೆಂದು ಬಿದ್ದು ಉರುಳಿತು, ಬೆಳಕು ಕದಲಲಿಲ್ಲ. ತಾವೇ ಬಗ್ಗಿ ಎತ್ತಿ ಇನ್ನೊಮ್ಮೆ ಬೀಳಿಸಿದರು, ಮತ್ತೊಮ್ಮೆ. ನಾಲ್ಕನೆಯ ಸಲ ಸಾಬರೇ ತಡೆದರು: "ಸಾಕು ಸ್ವಾಮಿ, ನೆಲ ಒಡೀತದೆ."

ಉಳಿದ ಆರು ಗರಿಗಳು ವಾರದಲ್ಲಿ ಮುಗಿದವು.

ಅಣ್ಣ ಈಗಿಲ್ಲ. ಮನೆಯಲ್ಲಿ ಯಾರ ಕೈಯಿಂದ ಏನು ಬಿದ್ದರೂ ನಾನು ಬೈಯುವುದಿಲ್ಲ. ನಾನೇನು ಮಾಡಿಟ್ಟಿದ್ದೆ ಎಂದು ಮೊದಲು ನೋಡುತ್ತೇನೆ.